ಗುರ್ ಅಂದ ನಾಯಿಯನ್ನು ನೆಲಕ್ಕೆ ಒತ್ತಬೇಡಿ

ತಟ್ಟೆಯ ಹತ್ತಿರ ಹೋದರೆ ನಾಯಿ ಗುರ್ ಅನ್ನುತ್ತದೆ. ಬೆಲ್ಟ್ ಹಾಕಿ ಹೊರಗೆ ಕರೆದುಕೊಂಡು ಹೋದರೆ ನಮ್ಮನ್ನೇ ಎಳೆಯುತ್ತದೆ. ಗೇಟಿಗೆ ಪೋಸ್ಟ್‌ಮ್ಯಾನ್ ಬಂದರೆ ಹಾರಿ ಹಾರಿ ಬೊಗಳುತ್ತದೆ. ಮೂರಕ್ಕೂ ಊರಿನಲ್ಲಿ ಸಿಗುವ ಸಲಹೆ ಒಂದೇ: "ಯಜಮಾನ ಯಾರು ಅಂತ ಅದಕ್ಕೆ ತೋರಿಸಿ." ತೋರಿಸುವುದು ಹೇಗೆ ಅಂದರೆ, ಕುತ್ತಿಗೆಯ ಚರ್ಮ ಹಿಡಿದು ಅಲ್ಲಾಡಿಸಿ, ಮಗುಚಿ ಹಾಕಿ ಸುಮ್ಮನಾಗುವ ತನಕ ಒತ್ತಿ ಹಿಡಿಯಿರಿ, ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್ ಹಾಕಿ ಜಗ್ಗಿ. ಮನೆಯವರೆಲ್ಲ ಉಂಡ ಮೇಲೆಯೇ ಅದಕ್ಕೆ ಊಟ ಹಾಕಿ, ಬಾಗಿಲಲ್ಲಿ ನೀವೇ ಮೊದಲು ದಾಟಿ.

ನಾನು ಉಡುಪಿ ಹತ್ತಿರದ ಕಲ್ಯಾಣಪುರದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ, ಈಗ ನಿವೃತ್ತಿಯಾಗಿದೆ. ನಮ್ಮ ಮನೆಯಲ್ಲಿ ಬೆಳೆದ ನಾಯಿಗಳೆಲ್ಲ ಸಂತೆಕಟ್ಟೆಯ ಹೈವೇ ಬದಿಯಿಂದಲೋ ಮಲ್ಪೆ ಬಂದರಿನ ಹತ್ತಿರದಿಂದಲೋ ಬಂದ ಊರ ನಾಯಿಗಳು. ಹಾಗಾಗಿ ಅಕ್ಕಪಕ್ಕದವರಿಗೆ ನಾಯಿಯ ತೊಂದರೆ ಬಂದರೆ "ಟೀಚರೇ, ಒಮ್ಮೆ ಬಂದು ನೋಡಿ ಮಾರಾಯ್ರೇ" ಅಂತ ಕರೆಯುತ್ತಾರೆ. ಅವರ ಅಂಗಳದಲ್ಲಿ ನಿಂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಮಗುಚಿ ಒತ್ತುವುದು, ಜಗ್ಗುವುದು, ಹೊಡೆಯುವುದು ಬೇಡವೇ ಬೇಡ ಎನ್ನುವವಳು ನಾನು. ಬದಲಿಗೆ ಏನು ಮಾಡಬೇಕು ಎನ್ನುವುದೇ ಇಲ್ಲಿ ಹೆಚ್ಚು ಇದೆ.

ಮೊದಲು ಡಾಕ್ಟರ ಹತ್ತಿರ

ನಿನ್ನೆ ತನಕ ಸರಿಯಿದ್ದ ನಾಯಿ ಇವತ್ತು ಮುಟ್ಟಿದರೆ ಗುರ್ ಅನ್ನುತ್ತಿದೆ ಅಂದರೆ, ಬುದ್ಧಿ ಕಲಿಸುವ ಯೋಚನೆಯನ್ನು ಬದಿಗಿಡಿ. ಅದಕ್ಕೆ ಎಲ್ಲೋ ನೋಯುತ್ತಿರಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ ನಾಯಿಯ ಕಿವಿ ಒಣಗುವುದೇ ಕಷ್ಟ, ಅದರಲ್ಲೂ ಲ್ಯಾಬ್ರಡಾರ್, ಕಾಕರ್‌ನಂಥ ಜೋಲು ಕಿವಿಯವಕ್ಕೆ. ಕಿವಿ ಮೂಸಿ ನೋಡಿ, ಹುಳಿ ವಾಸನೆ ಬಂದರೆ ಒಳಗೆ ಸೋಂಕು ಆಗಿರುತ್ತದೆ. ಬೆರಳ ಸಂದಿಯಲ್ಲಿ, ಕಿವಿಯ ಹಿಂದೆ ಉಣ್ಣಿ ಇದೆಯಾ ನೋಡಿ. ಉಣ್ಣಿ ಜ್ವರ ಬಂದ ನಾಯಿ ಊಟ ಬಿಡುತ್ತದೆ, ಮಂಕಾಗಿ ಮಲಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ವಯಸ್ಸಾದ ನಾಯಿಯಾದರೆ ಸೊಂಟ, ಹಲ್ಲು ಎರಡನ್ನೂ ತೋರಿಸಿ. ನೋವಿಗೆ ಗುರ್ ಅಂದ ನಾಯಿಯನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ಕಚ್ಚುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ.

ಹಾಗೇ ಹೋದಾಗ ರೇಬೀಸ್ ಲಸಿಕೆಯ ಚೀಟಿ ನೋಡಿಕೊಳ್ಳಿ. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ವರ್ಷಕ್ಕೆ ಮತ್ತೊಂದು, ಆಮೇಲೆ ಡಾಕ್ಟರು ಹೇಳಿದ ಲೆಕ್ಕದಲ್ಲಿ.

ಆ ಯಜಮಾನ ಬಂದದ್ದು ಎಲ್ಲಿಂದ

1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ವಿಜ್ಞಾನಿ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದರು. ಆವರಣದೊಳಗೆ ಇದ್ದ ಆ ತೋಳಗಳು ಸ್ಥಾನಕ್ಕಾಗಿ ಕಾದಾಡುತ್ತಿದ್ದವು, ಗೆದ್ದದ್ದು ಮೇಲೆ, ಸೋತದ್ದು ಕೆಳಗೆ. ಅಲ್ಲಿಂದ 'ಆಲ್ಫಾ ತೋಳ', ಅಂದರೆ ಹಿಂಡಿನ ಯಜಮಾನ, ಎಂಬ ಮಾತು ಹಬ್ಬಿತು. ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಬಳಸಿದರು, ಅದು ಇನ್ನೂ ದೂರ ಹೋಯಿತು. ನಾಯಿ ತೋಳದ ಕುಲದ್ದು, ತೋಳದಲ್ಲಿ ಯಜಮಾನ ಇರುತ್ತಾನೆ, ಹಾಗಾದರೆ ಮನೆಯಲ್ಲೂ ನೀವು ಯಜಮಾನ ಆಗದಿದ್ದರೆ ನಾಯಿಯೇ ಆಗುತ್ತದೆ ಎಂದು ಜನ ಲೆಕ್ಕ ಹಾಕಿದರು. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರಲ್ಲಿ ತಂದ ನಾಯಿ ಪುಸ್ತಕದಿಂದ ನಾಯಿಯನ್ನು ಮಗುಚಿ ಒತ್ತುವ 'ಆಲ್ಫಾ ರೋಲ್' ಮನೆಮಾತಾಯಿತು. 2004ರಿಂದ ಟಿವಿಯಲ್ಲಿ ನಾಯಿ ಟ್ರೈನರ್ ಸೀಸರ್ ಮಿಲಾನ್ ಅವರ ಕಾರ್ಯಕ್ರಮ ಬಂತು. ಅಲ್ಲಿಂದ ನಮ್ಮ ಮಣಿಪಾಲದ ಫ್ಲಾಟುಗಳ ತನಕ ಬರಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

ನನಗೆ ಬಹಳ ಇಷ್ಟವಾಗುವುದು ಈ ಕತೆಯ ಮುಂದಿನ ಭಾಗ. ಮೆಕ್ 1986ರಿಂದ ಬೇಸಿಗೆ ಬೇಸಿಗೆಗೆ ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ ಕಾಡು ತೋಳಗಳ ಹತ್ತಿರವೇ ಇದ್ದು ನೋಡಿದರು. ಅಲ್ಲಿ ಕಂಡದ್ದು ಅಪ್ಪ, ಅಮ್ಮ, ಅವರ ಮಕ್ಕಳು. ಹಿಂಡು ಅಂದರೆ ಒಂದು ಸಂಸಾರ. ದೊಡ್ಡವು ಮುಂದೆ ನಡೆಯುತ್ತಿದ್ದವು, ಯಾಕೆಂದರೆ ಅವು ತಂದೆ ತಾಯಿ. ಯಾರನ್ನೂ ಸೋಲಿಸಿ ಆ ಜಾಗಕ್ಕೆ ಬಂದವಲ್ಲ. 1999ರಲ್ಲಿ ಮೆಕ್ ಇದನ್ನು ಪ್ರಬಂಧವಾಗಿ ಬರೆದರು. ತಮ್ಮ ಹಳೆಯ ಪುಸ್ತಕವನ್ನು ಅಚ್ಚು ಹಾಕುವುದು ನಿಲ್ಲಿಸಿ ಎಂದು ಪ್ರಕಾಶಕರನ್ನು ಅವರೇ ಕೇಳಿಕೊಂಡರು. ನ್ಯೂ ಸ್ಕೀಟ್‌ನವರೂ ಆಲ್ಫಾ ರೋಲ್ ಬೇಡ ಎಂದು ಮುಂದೆ ಹೇಳಿದರು. ಹೇಳಿದವರೇ ಹಿಂದೆ ತೆಗೆದುಕೊಂಡರು, ನಾವು ಮಾತ್ರ ಹಿಡಿದುಕೊಂಡೇ ಇದ್ದೇವೆ. ಇನ್ನೊಂದು, ನಾಯಿ ತೋಳದಿಂದ ಬೇರೆಯಾಗಿ ಕಡಿಮೆಯೆಂದರೂ 15,000 ವರ್ಷ ಆಯಿತು. ಅಷ್ಟೂ ಕಾಲ ಅದು ಮನುಷ್ಯರ ಅಂಗಳದಲ್ಲಿ ನಮ್ಮ ಮುಖ ನೋಡುತ್ತಲೇ ಬದುಕಿದೆ.

ತಟ್ಟೆಯ ಹತ್ತಿರ ಗುರ್ ಅಂದರೆ

ಎಷ್ಟೋ ಜನ ಕಚ್ಚಿಸಿಕೊಳ್ಳುವುದು ಇಲ್ಲೇ. ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಓಣಿಯ ಒಂದು ಮನೆಯಲ್ಲಿ ರಾಕಿ ಎಂಬ ಲ್ಯಾಬ್ರಡಾರ್ ಇದೆ. ಮರಿ ಇರುವಾಗ ಬಂದ ಟ್ರೈನರ್ ಒಬ್ಬರು "ಅದು ತಿನ್ನುವಾಗ ಮಧ್ಯ ಮಧ್ಯ ತಟ್ಟೆ ತೆಗೆಯಿರಿ, ಆಗ ನಿಮ್ಮ ಮಾತು ಕೇಳುತ್ತದೆ" ಅಂದಿದ್ದರಂತೆ. ಮನೆಯವರು ನಿಷ್ಠೆಯಿಂದ ಹಾಗೇ ಮಾಡಿದರು. ಸ್ವಲ್ಪ ದೊಡ್ಡದಾದ ಮೇಲೆ ರಾಕಿ ಗುರ್ ಅನ್ನಲು ಶುರು ಮಾಡಿತು. ಒಂದು ಸಂಜೆ ಆ ಮನೆಯ ಹುಡುಗ ಬಂದ.

"ಟೀಚರೇ, ಅನ್ನ ಹಾಕುವವ ನಾನೇ. ನನಗೇ ಗುರ್ ಅಂತದೆ. ಎಂತ ಮಾಡುದು?"

"ತಟ್ಟೆ ಹತ್ತಿರ ನಿನ್ನ ಕೈ ಬಂದಾಗ ಇಷ್ಟು ದಿನ ಎಂತ ಆಗ್ತಿತ್ತು?"

"ತಟ್ಟೆ ಹೋಗ್ತಿತ್ತು."

"ಮತ್ತೆ?"

ಹುಡುಗನಿಗೆ ಅಲ್ಲೇ ಗೊತ್ತಾಯಿತು. ಕೈ ಬಂತು ಅಂದರೆ ಊಟ ಹೋಯಿತು, ನಾಯಿ ಕಲಿತದ್ದು ಇಷ್ಟೇ. ಮನೆ ಆಳುವ ಯೋಚನೆ ಅದಕ್ಕೆ ಇಲ್ಲ. ಈಗ ಕೈ ಬಂತು ಅಂದರೆ ಇನ್ನೂ ಒಳ್ಳೆಯದು ಬಂತು ಎಂದು ಮತ್ತೆ ಕಲಿಸಬೇಕು. ಅದನ್ನು ಮಾಡುವ ಕ್ರಮ ಹೀಗೆ.

ಮೊದಲು ಜಾಗ. ಮನೆಯವರು ಓಡಾಡುವ ದಾರಿಯಲ್ಲಿ ತಟ್ಟೆ ಇಡಬೇಡಿ. ಹಿತ್ತಿಲ ಜಗಲಿಯ ಮೂಲೆಯಲ್ಲಿ ಇಡಿ. ಮಕ್ಕಳು ಆ ಹೊತ್ತಿಗೆ ಅಲ್ಲಿಗೆ ಬರಲೇಬಾರದು. ತಟ್ಟೆ ತೆಗೆಯುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ.

ಆಮೇಲೆ ದೂರ. ನಾಯಿ ತಿನ್ನುತ್ತಿರುವಾಗ ನೀವು ಎಷ್ಟು ದೂರದಲ್ಲಿ ನಿಂತರೆ ಅದು ಆರಾಮಾಗಿ ತಿನ್ನುತ್ತದೆ ನೋಡಿ. ಗುರ್ ಅನ್ನುವ ಮೊದಲೇ ಅದರ ಮೈ ಹೇಳುತ್ತದೆ. ಅಗಿಯುವುದು ನಿಲ್ಲುತ್ತದೆ, ಇಲ್ಲವೇ ಗಬಗಬ ನುಂಗಲು ಶುರುವಾಗುತ್ತದೆ. ಬೆನ್ನು ಬಿಗಿಯಾಗುತ್ತದೆ. ತಲೆ ತಟ್ಟೆಯಲ್ಲೇ ಇದ್ದು ಕಣ್ಣು ಮಾತ್ರ ನಿಮ್ಮ ಕಡೆ ಹೊರಳುತ್ತದೆ, ಬಿಳಿ ಭಾಗ ಕಾಣಿಸುತ್ತದೆ. ಇದರಲ್ಲಿ ಯಾವುದು ಕಂಡರೂ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಎರಡು ಹೆಜ್ಜೆ ಹಿಂದೆ ಹೋಗಿ.

ಆ ಆರಾಮದ ದೂರದಿಂದ ಒಂದು ತುಂಡು ತಿಂಡಿ ತಟ್ಟೆಯ ಹತ್ತಿರಕ್ಕೆ ಎಸೆದು ತಿರುಗಿ ಹೋಗಿಬಿಡಿ. ಎಸೆದು ಅಲ್ಲೇ ನಿಲ್ಲಬೇಡಿ, ಹೋಗುವುದೂ ಪಾಠದ ಭಾಗವೇ. ಎಸೆಯುವ ತುಂಡು ತಟ್ಟೆಯಲ್ಲಿ ಇರುವುದಕ್ಕಿಂತ ರುಚಿ ಇರಬೇಕು. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ ಇದ್ದರೆ ಮುಳ್ಳು ತೆಗೆದ ಬೇಯಿಸಿದ ಬೂತಾಯಿ ಮೀನು, ಇಲ್ಲವೇ ಕೋಳಿ ಲಿವರ್. ಉಪ್ಪು, ಖಾರ, ಮಸಾಲೆ ಏನೂ ಬೇಡ. ಉಡುಪಿಯಲ್ಲಿ ಸಸ್ಯಾಹಾರಿ ಮನೆಗಳು ಬಹಳ, ಅವರು "ನಮ್ಮಲ್ಲಿ ಇದೆಲ್ಲ ಆಗುವುದಿಲ್ಲ" ಅಂತ ಕೈ ಚೆಲ್ಲಬೇಕಾಗಿಲ್ಲ. ಪನೀರ್ ತುಂಡು, ಬೇಯಿಸಿದ ಗೆಣಸು ಚೆನ್ನಾಗಿ ಕೆಲಸ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಮಾತ್ರ ನಾಯಿಗೆ ವಿಷ, ಹತ್ತಿರವೂ ತರಬೇಡಿ.

ಪ್ರತಿ ಊಟಕ್ಕೂ ನಾಲ್ಕೈದು ಸಲ ಹೀಗೆ ಬಂದು ಹೋಗಿ. ಕೆಲವು ದಿನಕ್ಕೆ ನೀವು ಕಾಣಿಸಿದ ಕೂಡಲೇ ನಾಯಿ ತಲೆ ಎತ್ತಿ, ಮೈ ಸಡಿಲ ಬಿಟ್ಟು, ಬಾಲ ಆಡಿಸಿ "ಎಲ್ಲಿ ನನ್ನದು?" ಎಂಬಂತೆ ನೋಡುತ್ತದೆ. ಆಗ, ಆಗ ಮಾತ್ರ, ಅರ್ಧ ಹೆಜ್ಜೆ ಮುಂದೆ ಬನ್ನಿ. ಹೀಗೆ ಬರುತ್ತಾ ಬರುತ್ತಾ ಒಂದು ದಿನ ತಟ್ಟೆಯ ಪಕ್ಕದಲ್ಲೇ ಹಾದು ಹೋಗುತ್ತಾ ತುಂಡನ್ನು ತಟ್ಟೆಯೊಳಗೆ ಬೀಳಿಸುವ ಹಂತ ಬರುತ್ತದೆ. ಅವಸರ ಬೇಡ. ಕೆಲವು ನಾಯಿಗಳಿಗೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳು ಬೇಕು.

ಮನೆಯ ಪ್ರತಿಯೊಬ್ಬ ದೊಡ್ಡವರೂ ಇದನ್ನು ದೂರದಿಂದಲೇ ಹೊಸದಾಗಿ ಶುರು ಮಾಡಬೇಕು. ಅಮ್ಮನನ್ನು ನಂಬಿದ ನಾಯಿ ಅಜ್ಜನನ್ನೂ ನಂಬಬೇಕೆಂದಿಲ್ಲ. ಮಕ್ಕಳಿಂದ ಈ ಅಭ್ಯಾಸ ಮಾಡಿಸಲೇಬೇಡಿ.

ಚಪ್ಪಲಿ, ಮೂಳೆ, ಮಕ್ಕಳ ಸಾಕ್ಸ್ ಕಚ್ಚಿಕೊಂಡು ಮಂಚದ ಅಡಿ ಸೇರುವ ನಾಯಿಗೂ ಇದೇ ಲೆಕ್ಕ. ಬಾಯಿಗೆ ಕೈ ಹಾಕಿ ಕಿತ್ತುಕೊಳ್ಳಬೇಡಿ. "ಬಿಡು" ಎಂದು ಹೇಳಿ, ಸ್ವಲ್ಪ ದೂರದಲ್ಲಿ ಬೂತಾಯಿ ತುಂಡು ಹಾಕಿ. ಬಿಟ್ಟು ಬಂದಾಗ ಚಪ್ಪಲಿ ತೆಗೆಯಿರಿ. ಕೊಡಬಹುದಾದ ವಸ್ತುವಾದರೆ ವಾಪಸ್ಸು ಕೊಟ್ಟುಬಿಡಿ. ಬಿಟ್ಟರೆ ನಷ್ಟ ಇಲ್ಲ ಎಂದು ಅದಕ್ಕೆ ಗೊತ್ತಾಗಬೇಕು.

ಈಗ ಗುರ್ ಅನ್ನುವ ಶಬ್ದದ ಬಗ್ಗೆ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. "ನನಗೆ ಹೆದರಿಕೆ ಆಗ್ತಿದೆ, ಇನ್ನು ಹತ್ತಿರ ಬರಬೇಡಿ" ಎಂದು ಹಲ್ಲು ತಾಗಿಸದೆ ಹೇಳುವ ಮಾತು. ಅದಕ್ಕೆ ಪೆಟ್ಟು ಕೊಟ್ಟರೆ, ನೆಲಕ್ಕೆ ಒತ್ತಿದರೆ, ನಿಲ್ಲುವುದು ಶಬ್ದ ಮಾತ್ರ. ಹೆದರಿಕೆ ಹಾಗೇ ಒಳಗೆ ಇರುತ್ತದೆ. ಮುಂದಿನ ಸಲ ಅದು ಗುರ್ ಅನ್ನದೆ ನೇರ ಕಚ್ಚಬಹುದು. "ಏನೂ ಸೂಚನೆ ಇಲ್ಲದೆ ಕಚ್ಚಿತು" ಎಂದು ಹೇಳುವ ಮನೆಗಳಲ್ಲಿ ನಾನು ಮೊದಲು ಕೇಳುವುದೇ "ಮುಂಚೆ ಗುರ್ ಅಂದಾಗ ಏನು ಮಾಡಿದ್ದಿರಿ?" ಎಂದು. ಗುರ್ ಅಂದರೆ ನಿಲ್ಲಿ, ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಪಕ್ಕಕ್ಕೆ ತಿರುಗಿ, ನಿಧಾನ ಹಿಂದೆ ಸರಿಯಿರಿ. ಯಾಕೆ ಹಾಗಾಯಿತು ಎಂದು ಆಮೇಲೆ ಯೋಚಿಸಿ. ನೀವು ಹಿಂದೆ ಸರಿದಿರಿ ಅಂತ ನಾಯಿ ರಾಜ ಆಗುವುದಿಲ್ಲ.

ಕಚ್ಚಿಯೇ ಬಿಟ್ಟರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿ ಪುಡಿ ಏನೂ ಹಚ್ಚಬೇಡಿ. ಮನೆಯದೇ ನಾಯಿ ಆದರೂ ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ.

ಬೆಲ್ಟ್ ಎಳೆಯುವ ನಾಯಿ

ನಾಯಿ ಮುಂದೆ ನಡೆದರೆ ಅದು ನಾಯಕ ಆಯಿತು ಎನ್ನುವವರಿದ್ದಾರೆ. ಅದು ಮುಂದೆ ಹೋಗುವುದು ಅದಕ್ಕೆ ನಾಲ್ಕು ಕಾಲಿದೆ, ನಮಗಿಂತ ವೇಗ ಜಾಸ್ತಿ, ಮತ್ತು ಮುಂದೆ ಎಲ್ಲೋ ಒಣಮೀನಿನ ವಾಸನೆ ಬರುತ್ತಿದೆ ಎಂದು. ಎಳೆದರೆ ಅಲ್ಲಿಗೆ ತಲುಪಬಹುದು ಎಂದು ಗೊತ್ತಾದರೆ ಎಳೆಯುತ್ತದೆ. ಎಳೆದರೆ ಏನೂ ಸಿಗುವುದಿಲ್ಲ ಎಂದು ಗೊತ್ತಾದರೆ ಬಿಡುತ್ತದೆ.

ಕುತ್ತಿಗೆಯ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ತನ್ನಿ, ಎದೆಯ ಮುಂದೆ ಕೊಕ್ಕೆ ಇರುವಂಥದ್ದು ಒಳ್ಳೆಯದು. ಮೊದಲು ನಿಮ್ಮ ಕಾಂಪೌಂಡಿನ ಒಳಗೇ ಅಭ್ಯಾಸ ಮಾಡಿ. ಹಗ್ಗ ಬಿಗಿಯಾದ ಕೂಡಲೇ ನಿಂತುಬಿಡಿ, ಜಗ್ಗಬೇಡಿ, ಬೈಯಬೇಡಿ. ನಾಯಿ ತಿರುಗಿ ನೋಡಿ ಹಗ್ಗ ಸಡಿಲವಾದ ಕೂಡಲೇ "ಬಲ" (ತುಳುವಿನಲ್ಲಿ ಬಾ) ಎಂದು ಹೊರಡಿ, ನಿಮ್ಮ ಕಾಲಿನ ಪಕ್ಕ ಬಂದಾಗ ಒಂದು ತುಂಡು ಕೊಡಿ. ನಮ್ಮ ಮನೆಯ ನಾಯಿಗಳಿಗೆ ತುಳುವಿನ "ಬಲ", "ಕುಲ್ಲು" (ಕೂರು) ಎರಡೇ ಸಾಕು. ಯಾವ ಭಾಷೆ ಆದರೂ ಸರಿ, ಮನೆಯವರೆಲ್ಲ ಒಂದೇ ಮಾತು ಬಳಸಿ.

ಕಾಂಪೌಂಡಿನಲ್ಲಿ ಬಂದ ಮೇಲೆ ಓಣಿ, ಓಣಿಯಲ್ಲಿ ಬಂದ ಮೇಲೆ ಮುಖ್ಯ ರಸ್ತೆ. ಮಲ್ಪೆ ಬೀಚು ಕೊನೆಗೆ, ಅಲ್ಲಿ ಮೀನು, ಏಡಿ, ಬೇರೆ ನಾಯಿಗಳು ಎಲ್ಲ ಇರುತ್ತವೆ, ಹೊಸದಾಗಿ ಕಲಿಯುವ ನಾಯಿಗೆ ತಲೆ ತಿರುಗುತ್ತದೆ. ದಾರಿಯಲ್ಲಿ ಮೂಸಲು ಧಾರಾಳ ಬಿಡಿ. ಬೆಳಿಗ್ಗೆ ಬೇಗ ಹೋಗಿ. ಏಪ್ರಿಲ್‌ನ ಡಾಂಬರು ರಸ್ತೆಗೆ ನಿಮ್ಮ ಅಂಗೈ ಇಟ್ಟು ನೋಡಿ, ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ.

ಗೇಟು, ಚೈನು

ಹಾರುವ ನಾಯಿಗೆ ಹಾರಬೇಡ ಎಂದು ಹೇಳುವುದು ಕಷ್ಟ, ಬದಲಿಗೆ ಏನು ಮಾಡಬೇಕು ಎಂದು ಹೇಳುವುದು ಸುಲಭ. ಜಗಲಿಯಲ್ಲಿ ಒಂದು ಗೋಣಿ ಹಾಸಿ. ಯಾರೂ ಬಾರದ ಹೊತ್ತಿನಲ್ಲಿ ಅದರ ಮೇಲೆ ಕೂರುವುದನ್ನು ಕಲಿಸಿ, ಕೂತರೆ ತಿಂಡಿ. ಆಮೇಲೆ ಮನೆಯವರೇ ಹೊರಗೆ ಹೋಗಿ ಗೇಟು ಅಲ್ಲಾಡಿಸಲಿ, ಬೆಲ್ ಒತ್ತಲಿ. ಕೊನೆಗೆ ಪರಿಚಯದ ನೆಂಟರು. ನಾಲ್ಕು ಕಾಲೂ ನೆಲದ ಮೇಲಿದ್ದರೆ ಮಾತ್ರ ಮಾತಾಡಿಸಿ ಎಂದು ಅವರಿಗೆ ಮೊದಲೇ ಹೇಳಿಡಿ.

ಹಗಲಿಡೀ ಕಟ್ಟಿ ಹಾಕಿದ ನಾಯಿಗೆ ಇದು ಯಾವುದೂ ಹತ್ತುವುದಿಲ್ಲ. ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಗಿಡ್ಡ ಸಂಕೋಲೆಗೆ ಬಿಗಿದು, ಜೋರು ಆಗಲಿ ಎಂದು ಬಿಡುವುದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಧೈರ್ಯದ ನಾಯಿ ಆಗುವುದಿಲ್ಲ, ಎಲ್ಲದಕ್ಕೂ ಹೆದರುವ ನಾಯಿ ಆಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿಗೆ ಹೊತ್ತುಗಟ್ಟಲೆ ಕಟ್ಟಿ ಹಾಕುವುದು ಅಪರಾಧ. ಯಾವಾಗಲೂ ಕಟ್ಟಿಯೇ ಇಡುವ ನಾಯಿಯನ್ನು ತಿರುಗಾಡಿಸದೆ ಬಿಡುವುದೂ ಅಪರಾಧ.

"ಪೆಟ್ಟು ಕೊಟ್ಟರೆ ಸರಿಯಾಗ್ತದಲ್ಲ?"

ಇದು ಪ್ರಾಮಾಣಿಕ ಪ್ರಶ್ನೆ. ಹೌದು, ಎಷ್ಟೋ ಸಲ ಆ ಕ್ಷಣಕ್ಕೆ ನಿಲ್ಲುತ್ತದೆ. ನಿಲ್ಲುವುದರಿಂದಲೇ ಜನ ಅದನ್ನು ನಂಬುತ್ತಾರೆ. ಮಗುಚಿ ಹಾಕಿದ ನಾಯಿ ಅಲ್ಲಾಡದೆ ಮಲಗುತ್ತದೆ, ತುಟಿ ನೆಕ್ಕುತ್ತದೆ, ಬಾಲ ಹೊಟ್ಟೆಗೆ ಸೇರಿಸುತ್ತದೆ, ಕೆಲವು ಅಲ್ಲೇ ಮೂತ್ರ ಮಾಡುತ್ತವೆ. ನೋಡುವವರು "ಈಗ ಒಪ್ಪಿಕೊಂಡಿತು" ಅನ್ನುತ್ತಾರೆ. ಅದು ಭಯದಿಂದ ಮರಗಟ್ಟಿದ ನಾಯಿ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಘನ್ ಹೆರನ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಲೆಕ್ಕ ಹಾಕಿದರು. ನಾಯಿಯ ವರ್ತನೆ ಸರಿಯಿಲ್ಲ ಎಂದು ಕ್ಲಿನಿಕ್ಕಿಗೆ ಬಂದ 140 ಮಾಲೀಕರನ್ನು, ಮೊದಲು ಏನೇನು ಮಾಡಿ ನೋಡಿದ್ದೀರಿ, ನಾಯಿ ಏನು ಮಾಡಿತು ಎಂದು ಕೇಳಿದರು. ಹೊಡೆದ ಅಥವಾ ಒದ್ದವರಲ್ಲಿ 43% ಜನರ ನಾಯಿ ತಿರುಗಿ ಬಿದ್ದಿತ್ತು. ಮಗುಚಿ ಒತ್ತಿದವರಲ್ಲಿ 31%, ದುರುಗುಟ್ಟಿ ನೋಡಿದವರಲ್ಲಿ 30%. 2020ರಲ್ಲಿ ಪೋರ್ಚುಗಲ್‌ನಲ್ಲಿ ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳನ್ನು ನೋಡಿದಾಗ, ಶಿಕ್ಷೆ ಬಳಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣ ಹೆಚ್ಚಿತ್ತು, ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಕೂಡ ಏರಿತ್ತು. ಅದೇ ವರ್ಷ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳಲ್ಲಿ ಕುತ್ತಿಗೆಗೆ ಕರೆಂಟು ಹೊಡೆಸುವ ಶಾಕ್ ಕಾಲರನ್ನೂ ತಿಂಡಿಯ ಪಾಠವನ್ನೂ ಹೋಲಿಸಿದರು. ಕರೆದರೆ ಬರುವುದರಲ್ಲಿ ಶಾಕ್ ಕಾಲರಿನ ನಾಯಿಗಳು ಮುಂದೇನೂ ಇರಲಿಲ್ಲ. ನೋವು ಕೊಡದೆ ಅಷ್ಟೇ ಕಲಿಸಬಹುದಾದರೆ ನೋವು ಯಾಕೆ ಕೊಡಬೇಕು?

ಇನ್ನೊಂದು ಪಕ್ಷದವರ ಮಾತಿನಲ್ಲಿ ನಾನು ಒಪ್ಪುವುದೂ ಇದೆ. ನಾಯಿ ನಾಯಿಗಳ ನಡುವೆ ಮೇಲು ಕೆಳಗು ಇದೆ, ಬೀದಿ ನಾಯಿಗಳ ಗುಂಪು ನೋಡಿದವರಿಗೆ ಗೊತ್ತು. ನಮ್ಮ ಮನೆಯಲ್ಲೂ ಕೆಂಚಿ ಬಂದರೆ ಬೊಳ್ಳು ಗೋಣಿಯ ಮೇಲಿಂದ ಎದ್ದು ಜಾಗ ಕೊಡುತ್ತದೆ. ಅದು ಅವೆರಡರ ವ್ಯವಹಾರ. ನಾನು ಮಾಡುವುದು ಇಷ್ಟೇ, ಎರಡಕ್ಕೂ ಬೇರೆ ಬೇರೆ ಕಡೆ ಊಟ ಹಾಕುತ್ತೇನೆ. ಅಡಿಗೆಮನೆಯ ಬಾಗಿಲಿನಿಂದ ಒಳಗೆ ಬರಬಾರದು, ಊಟಕ್ಕೆ ಮುಂಚೆ ಕೂರಬೇಕು, ಇಂಥ ನಿಯಮಗಳೂ ಬೇಕೇ ಬೇಕು. ನಿಯಮ ಇಲ್ಲದ ಮನೆಯಲ್ಲಿ ನಾಯಿಗೇ ಗೊಂದಲ. ನಿಯಮ ಕಲಿಸಲು ಕುತ್ತಿಗೆ ಹಿಡಿಯಬೇಕು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

"ಊರ ನಾಯಿಗೆ ತಿಂಡಿ ಪಾಠ ಹತ್ತುವುದಿಲ್ಲ, ಅದಕ್ಕೆ ಕೋಲೇ ಸರಿ" ಎಂಬ ಮಾತೂ ಉಂಟು. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಬೀದಿ ನಾಯಿಗಳನ್ನೇ ಇಟ್ಟುಕೊಂಡು ನೋಡಿದೆ. ಗುರುತಿಲ್ಲದ ಮನುಷ್ಯರು ಮತ್ತೆ ಮತ್ತೆ ಬಂದಾಗ, ತಿಂಡಿ ಕೊಟ್ಟವರಿಗಿಂತ ತಲೆ ಸವರಿದವರ ಮೇಲೆ ಅವಕ್ಕೆ ನಂಬಿಕೆ ಹೆಚ್ಚು ಬೆಳೆಯಿತು. 2017ರಲ್ಲಿ ಅದು ಪ್ರಕಟವಾಗಿದೆ. ಬೀದಿಯಿಂದ ಮರಿ ತಂದವರು ಇದನ್ನು ನೆನಪಿಡಿ. ಅದು ತಾನಾಗಿ ಹತ್ತಿರ ಬಂದಾಗ ಕತ್ತಿನ ಪಕ್ಕ, ಎದೆಯ ಮೇಲೆ ನಿಧಾನ ಸವರಿ, ಮೇಲಿನಿಂದ ಕೈ ತರಬೇಡಿ.

ಟ್ರೈನರ್ ಬೇಕೇ ಬೇಕಾದರೆ

ಒಂದು ಸಲ ಕಚ್ಚಿ ರಕ್ತ ಬಂದಿದ್ದರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಒಬ್ಬರೇ ಸರಿ ಮಾಡಲು ಹೋಗಬೇಡಿ. ಪಶುವೈದ್ಯರನ್ನು ಕೇಳಿ ಒಳ್ಳೆಯವರನ್ನು ಹುಡುಕಿ. ಮಂಗಳೂರು, ಉಡುಪಿ ಎರಡೂ ಕಡೆ ಮನೆಗೆ ಬಂದು ಕಲಿಸುವವರಿದ್ದಾರೆ, ಎಲ್ಲರೂ ಒಂದೇ ಥರ ಅಲ್ಲ. ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ನಾಯಿ ಸರಿ ಮಾಡಿದರೆ ಏನು ಕೊಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಹಾಗೆ ಮಾಡಿದ ಮೇಲೂ ತಪ್ಪು ಮಾಡಿದರೆ? ಮೂರನೆಯ ಉತ್ತರದಲ್ಲೇ ಎಲ್ಲ ಹೊರಗೆ ಬರುತ್ತದೆ. "ಇನ್ನೂ ಸುಲಭ ಮಾಡಿ ಮತ್ತೆ ಶುರು ಮಾಡುತ್ತೇನೆ" ಅಂದರೆ ಕೂರಿಸಿ ಮಾತಾಡಿ. ಆಲ್ಫಾ, ಯಜಮಾನ, ಸೊಕ್ಕು ಇಳಿಸುವುದು ಎಂದು ಶುರು ಮಾಡಿದರೆ ಬೇಡ ಅನ್ನಿ. ಹದಿನೈದು ದಿನ ನಾಯಿಯನ್ನು ನಮ್ಮಲ್ಲಿ ಬಿಡಿ, ಸರಿ ಮಾಡಿ ಕಳಿಸುತ್ತೇವೆ ಅನ್ನುವವರ ಹತ್ತಿರ, ಪಾಠ ನಡೆಯುವಾಗ ನಾನು ಅಲ್ಲೇ ನಿಂತು ನೋಡಬಹುದಾ ಎಂದು ಕೇಳಿ. ಆಗುವುದಿಲ್ಲ ಅಂದರೆ ನಾಯಿಯನ್ನು ಕರೆದುಕೊಂಡು ವಾಪಸ್ಸು ಬನ್ನಿ.